ಚಾಲೂ ಇದ್ದಾಗಲೇ ಬದಲಿಸಿದ ಕಾರ್ಡು

ಸ್ನೇಹಿತರೇ, ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ಇಂದು ಅಕ್ಕಿಆಲೂರಿನ ಹತ್ತಿರ ಮೊಬೈಲ್ ಟವರಿನ ಪವರ್ ಕಾರ್ಡುಗಳಲ್ಲಿ ಕೆಟ್ಟ ಒಂದನ್ನು ನಾನೊಬ್ಬನೇ ಬದಲಿಸಬೇಕಿತ್ತು, ಅದೂ ಕರೆಂಟು ಚಾಲೂ ಇರುವಾಗಲೇ. ಹೊಸ ಕಾರ್ಡಿನಲ್ಲಿರುವ ಹಾಟ್ ಸ್ವಾಪ್ ಸರ್ಕ್ಯೂಟ್ ಕರೆಂಟನ್ನು ಮೆಲ್ಲಗೆ ಒಳಗೆ ಬಿಡುತ್ತದೆ, ಕಿಡಿ ಹಾರುವುದಿಲ್ಲ, ಟವರೂ ನಿಲ್ಲುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರು. ಹೇಳಿದವರು ಯಾರೂ ಪಕ್ಕದಲ್ಲಿರಲಿಲ್ಲ.

ಇದ್ದವರು ಜಾಗದ ಮಾಲಕಿ ನೀಲವ್ವ. ಮಗಳು ಹೆರಿಗೆಗೆಂದು ಹಾನಗಲ್ಲಿನ ಆಸ್ಪತ್ರೆ ಸೇರಿದ್ದಳು. ಅಳಿಯನ ಫೋನಿಗಾಗಿ ಮೊಬೈಲನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು.

“ತಮ್ಮಾ, ಮೊದಲ ಮೇನ್ ಬಂದ್ ಮಾಡಪಾ! ಪಂಪ್‌ಸೆಟ್ಟಿನ ಫ್ಯೂಜ್ ಹಾಕಾಕೂ ನಾವು ಬಂದ್ ಮಾಡ್ತೇವಿ.”

“ಎಲ್ಲಾ ಬಂದ್ ಮಾಡಿದ್ರ ಟವರ್ ನಿಲ್ತೈತ್ರಿ, ಅವ್ವಾರ. ಅಳಿಯನ ಫೋನ್ ಬರಂಗಿಲ್ಲ.”

ಅವರು ಗಾಬರಿಯಾದರು. “ಹಂಗಾರ ಚಾಲೂನ ಇರ್ಲಿ. ಆದ್ರ ನಿನಗೇನರ ಆದ್ರ?”

ಅದೇ ಪ್ರಶ್ನೆ ನನ್ನದೂ ಆಗಿತ್ತು. ಹಳೆಯದನ್ನು ಎಳೆದು, ಉಸಿರು ಬಿಗಿಹಿಡಿದು ಹೊಸ ಕಾರ್ಡನ್ನು ಒಳಗೆ ತಳ್ಳಿದೆ. ಟ್ರಿಣ್ ಎಂದು ಸದ್ದಾಯಿತು! ಹೌಹಾರಿ ಹಿಂದಕ್ಕೆ ಜಿಗಿದೆ. ಕಾರ್ಡಿನ ಹಸಿರು ದೀಪ ತಣ್ಣಗೆ ಉರಿಯುತ್ತಿತ್ತು. ಸದ್ದು ಮಾಡಿದ್ದು ನೀಲವ್ವನ ಮೊಬೈಲು.

“ಹೆಣ್ಣು ಹುಟ್ಟೈತಂತ! ಇಬ್ರೂ ಆರಾಮ ಅದಾರಂತ!”

ಸೆರಗಿನಿಂದ ಕಣ್ಣೊರೆಸಿಕೊಂಡು ಅವರು ಟವರನ್ನೊಮ್ಮೆ ನೋಡಿದರು. “ಫೋನ್ ಬಂತಲ್ಲ ತಮ್ಮಾ, ಈಗರ ಬಂದ್ ಮಾಡು. ಮೋಟಾರಿನಂಗ ಅದಕ್ಕೂ ಒಂದೀಟು ಆರಾಮ ಬೇಕು.”

ಆ ಕಡೆಯ ಹಳ್ಳಿಗಳ ಸ್ನೇಹಿತರೇ, ಈ ಪೋಸ್ಟು ನಿಮಗೆ ಕಾಣಿಸುತ್ತಿದ್ದರೆ, ನಾನು ನೀಲವ್ವನ ಮಾತು ಮೀರಿದ್ದೇನೆಂದು ತಿಳಿಯಿರಿ.