ಏರಿನಲ್ಲಿ ನಿಲ್ಲದ ಕಾರು

ನಮ್ಮ ಭಾವನ ಕಾರಿಗೆ ಐವತ್ತೆಂಟು ವರ್ಷ, ಭಾವನಿಗೆ ಎಪ್ಪತ್ತೊಂದು. ಇಬ್ಬರಲ್ಲಿ ಯಾರು ಹೆಚ್ಚು ಕೆಮ್ಮುತ್ತಾರೆ ಎಂಬುದರ ಬಗ್ಗೆ ಬೀದಿಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಭಾವ ಸೂಪರಿಂಟೆಂಡೆಂಟ್ ಹುದ್ದೆಯಿಂದ ಆಫೀಸಿನಲ್ಲಿ ನಿವೃತ್ತರಾದವರು, ಮನೆಯಲ್ಲಿ ಇನ್ನೂ ಆಗಿಲ್ಲ.

ಊರಾಚೆಯ ಗುಡ್ಡದ ಮೇಲೊಂದು ಕೆರೆ. ಅದನ್ನು ಹಗಲು ಬೆಳಕಿನಲ್ಲಿ ನೋಡಬೇಕೆಂಬುದು ನಮ್ಮಕ್ಕನ ಆಸೆ. ಬಿಸಿಲಿಳಿದ ಮೇಲೆ ಹೊರಟರೆ ಇಂಜಿನ್ ಬಿಸಿಯಾಗುವುದಿಲ್ಲ ಎಂಬುದು ಭಾವನ ಸಿದ್ಧಾಂತ. ಇಂಜಿನ್ ಅದನ್ನು ಒಪ್ಪಲಿಲ್ಲ. ಪ್ರತಿ ಸಲವೂ ಏರಿನ ನಡುವೆ ಇಂಜಿನ್ನಿಗೆ ಪೆಟ್ರೋಲ್ ಎತ್ತಿಕೊಡುವ ಪಂಪು ಬಿಸಿಯಾಗಿ, ಅದರೊಳಗಿನ ಪೆಟ್ರೋಲ್ ಆವಿಯಾಗಿ ಕಾರು ನಿಲ್ಲುತ್ತಿತ್ತು. ಅಕ್ಕ ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಜ್ವರ ಬಂದ ಮಗುವನ್ನು ನೋಡುವಂತೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅದು ತಣ್ಣಗಾಗುವವರೆಗೆ ಇಬ್ಬರೂ ಮೋರಿಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಮೇಲೆ ಮುಟ್ಟುವಷ್ಟರಲ್ಲಿ ಕತ್ತಲು.

ಹೋದ ವರ್ಷ ಅಕ್ಕ ತೀರಿಕೊಂಡಳು. ಅವಳ ಪರವಾಗಿ ತಾವಾದರೂ ಆ ಕೆರೆಯನ್ನು ಬೆಳಕಿನಲ್ಲಿ ನೋಡಬೇಕೆಂದು ಭಾವ, ಇಂಜಿನ್ನಿನ ಬಿಸಿಯಿಂದ ದೂರ ಕೂರಿಸಬಹುದಾದ ಎಲೆಕ್ಟ್ರಿಕ್ ಪಂಪ್ ಹಾಕಿಸಲು ಹೊರಟರು.

ಆಯ್ಕೆಗೆ ಒಂದು ಫೈಲೇ ತೆರೆದರು. ಮೂರು ವಾರ ಟಿಪ್ಪಣಿ ಬರೆದು, ಅಂಗಡಿಯಲ್ಲಿದ್ದ ಅತ್ಯಂತ ಜೋರಿನ ಪಂಪನ್ನೇ ತಂದರು. ಗ್ಯಾರೇಜಿನ ಮೇಸ್ತ್ರಿ ಅದನ್ನು ತಿರುಗಿಸಿ ನೋಡಿದ.

“ಸಾರ್, ನಿಮ್ಮ ಕಾರ್ಬುರೇಟರ್‌ಗೆ ಲೋಟದಲ್ಲಿ ಕುಡಿಸ್ಬೇಕು. ನೀವು ಬೆಂಕಿ ಆರಿಸೋ ಪೈಪ್ ತಂದಿದೀರ.”

ಇದು ಹೊಸ ಕಾಲದ ಇಂಜೆಕ್ಷನ್ ಕಾರುಗಳ ಪಂಪು, ಇದರ ಒತ್ತಡಕ್ಕೆ ಪೆಟ್ರೋಲ್ ಉಕ್ಕಿ ಬಿಸಿ ಇಂಜಿನ್ ಮೇಲೆಯೇ ಸುರಿಯುತ್ತದೆ ಎಂದು ವಿವರಿಸಿದ. ಭಾವ ಫೈಲಿನಿಂದ ಒಂದು ಹಾಳೆ ಹರಿದರು. ಮರುದಿನ ಕಡಿಮೆ ಒತ್ತಡದ ಪಂಪು ಬಂತು.

ಮೇಸ್ತ್ರಿ ಮೊದಲು ಬ್ಯಾಟರಿಯ ತಂತಿ ಕಳಚಿದ. ಪಂಪನ್ನು ಹಿಂದೆ ಟ್ಯಾಂಕಿನ ಹತ್ತಿರ, ಸೈಲೆನ್ಸರಿನ ಬಿಸಿ ತಾಗದಂತೆ ಕೂರಿಸಿ, ಟ್ಯಾಂಕಿಗೂ ಅದಕ್ಕೂ ನಡುವೆ ಫಿಲ್ಟರ್ ಇಟ್ಟ. ಫ್ಯೂಸ್ ಹಾಕಿದ. ಇಂಜಿನ್ ನಿಂತರೆ ಪಂಪೂ ತಾನಾಗಿ ನಿಲ್ಲುವಂತೆ ರಿಲೇ ಜೋಡಿಸಿದ. ಇಲ್ಲದಿದ್ದರೆ ಎಲ್ಲಾದರೂ ಗುದ್ದಿ ಪೈಪು ಕಿತ್ತುಬಂದ ದಿನ ಪೆಟ್ರೋಲ್ ಸುರಿಯುತ್ತಲೇ ಇರುತ್ತದಂತೆ. ಭಾವ ಪಕ್ಕದಲ್ಲಿ ನಿಂತು ಎಲ್ಲಕ್ಕೂ ಮಂಜೂರಾತಿ ಕೊಡುತ್ತಿದ್ದರು.

ಹಳೆಯ ಪಂಪಿಗೆ ಸ್ಪ್ಯಾನರ್ ಹಚ್ಚಿದಾಗ ಮಾತ್ರ ಅಡ್ಡ ಬಂದರು.

“ಅದಿರಲಿ ಬಿಡಪ್ಪ. ಅದರ ಪಾಡಿಗೆ ಅದಿರುತ್ತೆ.”

“ಒಳಗಿನ ರಬ್ಬರ್ ಹರಿದಿದೆ ಸಾರ್. ಬಿಟ್ರೆ ಪೆಟ್ರೋಲ್ ಇಂಜಿನ್ ಆಯಿಲ್‌ಗೆ ಇಳಿಯುತ್ತೆ.”

“ಈ ಕಾರಲ್ಲಿ ಅವಳು ಕೈಯಿಟ್ಟಿದ್ದು ಅದೊಂದರ ಮೇಲೇ ಕಣಪ್ಪ.”

ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟ. ಕೊನೆಗೆ ಭಾವನೇ ಅದನ್ನು ಎತ್ತಿಕೊಟ್ಟರು.

ಭಾನುವಾರ ಬಿಸಿಲಿರುವಾಗಲೇ ನನ್ನನ್ನು ಕೂರಿಸಿಕೊಂಡು ಹೊರಟರು. ಮೋರಿಕಟ್ಟೆ ಬಂತು, ಹೋಯಿತು. ಅಲ್ಲಿ ಭಾವನ ಕಾಲು ಬ್ರೇಕಿನ ತನಕ ಹೋಗಿ ವಾಪಸು ಬಂತು. ನಾಲ್ಕೂವರೆಗೆಲ್ಲ ಮೇಲಿದ್ದೆವು. ಕೆರೆ ಥಳಥಳ ಹೊಳೆಯುತ್ತಿತ್ತು. ಒಂದು ನಿಮಿಷ ನೋಡಿದರು. ಅಕ್ಕನ ಪರವಾಗಿ ಇನ್ನೊಂದು ನಿಮಿಷ ನೋಡಿದರು. ಆಮೇಲೆ ಕೈಗಡಿಯಾರ ನೋಡಿದರು.

“ಕತ್ತಲಾಗೋಕೆ ಇನ್ನೂ ಎರಡು ಗಂಟೆ ಇದೆಯಲ್ಲೋ,” ಎಂದರು. “ಅಲ್ಲೀವರೆಗೂ ಯಾರ ಹತ್ರ ಮಾತಾಡೋದು?”

ಪಕ್ಕದಲ್ಲೇ ಕೂತಿದ್ದ ನಾನು ಬೇಜಾರು ಮಾಡಿಕೊಳ್ಳಲಿಲ್ಲ.