ಸೊಸೆಯ ಕಾಲು ಹಿಡಿದ ಅತ್ತೆ

ಈ ಅತ್ತೆಗೆ ಬಡಾಯಿ ಸ್ವಲ್ಪ ಜಾಸ್ತಿ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬದುಕಿನಲ್ಲಿ ಯಾವುದಕ್ಕೂ ಯಾರ ಕಾಲೂ ಹಿಡಿದವಳಲ್ಲ ತಾನು ಎನ್ನುವ ಈಕೆ ಬೆಳಗಾದರೆ ಮಾಡುವುದೇ ಕಂಡವರ ಕಾಲು ಹಿಡಿಯುವ ಕೆಲಸ. ಔಷಧದ ಅಂಗಡಿಯ ಮಹಡಿಯ ಮೇಲೆ ಅವಳದೊಂದು ಫಿಸಿಯೋಥೆರಪಿ ಕ್ಲಿನಿಕ್ಕು. ಹಿಮ್ಮಡಿ ನೋವೆಂದು ಕುಂಟುತ್ತ ಬಂದ ಪೋಸ್ಟ್‌ಮ್ಯಾನ್, ಗೋಡೆ ಹಿಡಿದು ನಡೆಯುತ್ತಿದ್ದ ಹೆಡ್‌ಮಾಸ್ತರು, ಎಲ್ಲರನ್ನೂ ನೆಟ್ಟಗೆ ನಡೆಸಿದ್ದು ತನ್ನ ಹೆಬ್ಬೆರಳೇ ಎಂದು ಮದುವೆ ಮನೆಯಲ್ಲೂ ಹೇಳುತ್ತಾಳೆ, ತರಕಾರಿ ಅಂಗಡಿಯಲ್ಲೂ ಹೇಳುತ್ತಾಳೆ. ಹೇಳುವುದು ಸುಳ್ಳಲ್ಲವಾದ್ದರಿಂದ ಯಾರೂ ಅವಳ ಬಾಯಿ ಮುಚ್ಚಿಸಲು ಹೋಗುವುದಿಲ್ಲ.

ಅಂಥವಳ ಮನೆಯಲ್ಲೇ ಸೊಸೆ ಕುಂಟುತ್ತಿದ್ದಳು. ಒಂದು ಬೆಳಿಗ್ಗೆ ಅತ್ತೆ ಇನ್ನೂ ಹಾಸಿಗೆಯಲ್ಲಿದ್ದಾಗ ಪಕ್ಕದ ಕೋಣೆಯಿಂದ ಹೆಜ್ಜೆ ಸಪ್ಪಳ ಕೇಳಿಸಿತು: ಒಂದು ಕಾಲು ಪೂರ್ತಿ, ಇನ್ನೊಂದು ಬರೀ ತುದಿಗಾಲು. ಬಚ್ಚಲಿಗೆ ಹೋಗುವಾಗ ಹಾಗೆ, ತಿರುಗಿ ಬರುವಾಗ ಕೊಂಚ ವಾಸಿ. ಎದ್ದ ಕೂಡಲೇ ಚುಚ್ಚಿ, ನಡೆದಂತೆಲ್ಲ ಸಡಿಲವಾಗುವ ಈ ನೋವು ಅವಳಿಗೆ ಹೊಸದೇ? ಅಂಗಾಲಿನ ಉದ್ದಕ್ಕೂ ಇರುವ ಗಟ್ಟಿ ಪಟ್ಟಿ ಹಿಮ್ಮಡಿಗೆ ಅಂಟುವ ಜಾಗದಲ್ಲಿ ನೊಂದಿದೆ ಎಂದು ಹೊದಿಕೆಯೊಳಗಿಂದಲೇ ಗೊತ್ತಾಯಿತು. ಸಿಟ್ಟೂ ಬಂತು. ಊರಿಗೆ ಊರೇ ತನ್ನ ಹತ್ತಿರ ಬರುವಾಗ ಮನೆಯ ಸೊಸೆ ತನ್ನಿಂದಲೇ ಮುಚ್ಚಿಡುವುದೇ?

ಸೊಸೆ ಗಾರ್ಮೆಂಟ್ಸ್‌ನಲ್ಲಿ ಕಟಿಂಗ್ ಮಾಸ್ಟರ್, ಅಲ್ಲಿ ಆ ಮೇಜಿಗೆ ಬಂದ ಮೊದಲ ಹೆಂಗಸು. ಪದರ ಪದರವಾಗಿ ಹಾಸಿದ ಬಟ್ಟೆಯ ಮೇಲೆ ಮೆಷಿನ್ ಓಡಿಸುತ್ತ ದಿನವಿಡೀ ಸಿಮೆಂಟ್ ನೆಲದ ಮೇಲೆ ನಿಲ್ಲಬೇಕು. ಅವಳು ಕುಂಟುವುದನ್ನು ಕಂಡ ಸೂಪರ್‌ವೈಸರ್, ತಿಂಗಳ ಕೊನೆಯವರೆಗೆ ನೋಡುತ್ತೇನೆ, ಆಮೇಲೆ ಚೆಕಿಂಗ್‌ಗೆ ಹೋಗಿ ಕೂತುಕೋ ಎಂದಿದ್ದ. ಆ ಮೇಜಿಗಾಗಿ ವರ್ಷಗಟ್ಟಲೆ ಹೆಣಗಿದವಳಿಗೆ ಕುರ್ಚಿಯ ಹೆಸರೆತ್ತಿದರೆ ಮೈ ಉರಿಯುತ್ತಿತ್ತು. ಆದರೂ ಅತ್ತೆಯ ಮುಂದೆ ಬಾಯಿ ಬಿಟ್ಟಿರಲಿಲ್ಲ. ಯಾಕೆಂದು ಅತ್ತೆ ಗದರಿದಾಗ ಸೂಪರ್‌ವೈಸರ್ ಕೊಟ್ಟ ಗಡುವನ್ನೂ ಹೇಳಿ ತಲೆ ತಗ್ಗಿಸಿದಳು.

"ನೀವು ದೊಡ್ಡೋರು ಅತ್ತೆ. ನೀವು ನನ್ನ ಕಾಲು ಹಿಡಿಯೋದಾ? ನೋಡಿದೋರು ಏನಂತಾರೆ?"

"ಮನೇಲಿ ನಾನು ಅತ್ತೆ. ಕ್ಲಿನಿಕ್ಕಿಗೆ ಬಂದ್ರೆ ನೀನು ಬರೀ ಒಂದು ಹಿಮ್ಮಡಿ. ಸಂಜೆ ಬಂದು ಟೋಕನ್ ತಗೊಂಡು ಕೂತ್ಕೋ."

ಸೊಸೆ ನಿಜಕ್ಕೂ ಟೋಕನ್ ತೆಗೆದುಕೊಂಡು ಬೆಂಚಿನ ಮೇಲೆ ಕುಳಿತಳು. ಸರದಿ ಬಂದಾಗ ಅತ್ತೆ ಹಿಮ್ಮಡಿಯ ಗೋಜಿಗೇ ಹೋಗದೆ ಮೊದಲು ಮೀನಖಂಡ ಮುಟ್ಟಿದಳು. ಅದು ಕಲ್ಲಾಗಿತ್ತು. ಕೈಗೆ ಎಣ್ಣೆ ಸವರಿಕೊಂಡು ಕೆಳಗಿನಿಂದ ಮೇಲಕ್ಕೆ ನೀವಿ ನೀವಿ ಸಡಿಲಿಸಿದಳು. ಆಮೇಲೆ ಕಾಲ್ಬೆರಳುಗಳನ್ನು ಹಿಂದಕ್ಕೆ ಬಾಗಿಸಿ ಹಿಡಿದು, ಅಂಗಾಲಿನ ಗುಂಟ ಹೆಬ್ಬೆರಳು ಒತ್ತುತ್ತ ಬಂದು, ಹಿಮ್ಮಡಿಯ ಒಳಮಗ್ಗುಲಲ್ಲಿ ನಿಲ್ಲಿಸಿ ಅಡ್ಡಡ್ಡ ತಿಕ್ಕಿದಳು. ಸೊಸೆ ಹಲ್ಲು ಕಚ್ಚಿದಳು. ತಡೆಯಲಾಗದಿದ್ದರೆ ಹೇಳು, ಮನೆಯ ಮರ್ಯಾದೆಗೆಂದು ಸುಮ್ಮನಿರಬೇಡ ಎಂದಳು ಅತ್ತೆ. ಇದು ಒಂದೆರಡು ದಿನಕ್ಕೆ ಹೋಗುವಂಥದ್ದಲ್ಲ ಎಂದೂ ಹೇಳಿದಳು. ಎಲ್ಲರಿಗೂ ಹೇಳುವ ಮಾತೇ, ಆದರೆ ಈ ಸಲ ಹೇಳುವಾಗ ತಿಂಗಳ ಕೊನೆ ನೆನಪಾಗಿ ಅವಳಿಗೇ ಭಯವಾಯಿತು.

ಅಂದಿನಿಂದ ಮನೆಯಲ್ಲಿ ಬರಿಗಾಲಿಗೆ ಬಹಿಷ್ಕಾರ. ಸೊಸೆ ಬೆಳಿಗ್ಗೆ ಕಾಲ್ಬೆರಳು ಎಳೆದುಕೊಳ್ಳದೆ ಹಾಸಿಗೆ ಬಿಟ್ಟು ಇಳಿಯುವಂತಿಲ್ಲ, ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಇಳಿಬಿಡದೆ ತಿಂಡಿಗೆ ಕೂರುವಂತಿಲ್ಲ. ಅಮ್ಮ ಕೊನೆಗೂ ಸೊಸೆಯ ಕಾಲು ಹಿಡಿದಳು ಎಂದು ಮಗ ನಗಾಡಿದ. ಹೆಂಡತಿಯೂ ಅಮ್ಮನೂ ಒಟ್ಟಿಗೆ ದುರುಗುಟ್ಟಿದ ಮೇಲೆ ತೆಪ್ಪಗಾದ.

ತಿಂಗಳ ಕೊನೆಯ ದಿನ ಅತ್ತೆಗೆ ಕ್ಲಿನಿಕ್ಕಿನಲ್ಲಿ ಕೈ ಓಡಲಿಲ್ಲ. ಊಟದ ಡಬ್ಬಿಯ ನೆಪ ಮಾಡಿಕೊಂಡು ಫ್ಯಾಕ್ಟರಿಗೇ ಹೋದಳು. ಕಟಿಂಗ್ ಹಾಲ್‌ನ ಬಾಗಿಲಲ್ಲಿ ನಿಂತು ಮೊದಲು ನೋಡಿದ್ದು ಸೊಸೆಯ ಪಾದಗಳನ್ನು. ಎರಡೂ ನೆಲಕ್ಕೆ ಊರಿದ್ದವು. ಆಮೇಲೆ ಕಣ್ಣು ಮೇಲೆ ಹೋಯಿತು. ಸೊಸೆಯ ಕೈಯಲ್ಲಿ ಮೆಷಿನ್ ಗುಯ್‌ಗುಡುತ್ತ, ದಪ್ಪ ಬಟ್ಟೆಯ ರಾಶಿಯಲ್ಲಿ ತೋಳಿನ ತಿರುವನ್ನು ಒಂದೇ ಉಸಿರಿಗೆ ಕತ್ತರಿಸುತ್ತಿತ್ತು. ಸುತ್ತ ನಿಂತವರು ಅವಳ ಸನ್ನೆಗೆ ಕಾಯುತ್ತಿದ್ದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅತ್ತೆ ಈ ಕೆಲಸವನ್ನು ಕಣ್ಣಾರೆ ಕಂಡಿರಲಿಲ್ಲ. ಡಬ್ಬಿ ಕೊಡುವುದನ್ನೇ ಮರೆತು ನೋಡುತ್ತ ನಿಂತಳು.

ಸೂಪರ್‌ವೈಸರ್ ಹತ್ತಿರ ಬಂದ. ನಮ್ಮ ಕಟಿಂಗ್ ಮಾಸ್ಟರ್ ಕಾಲು ಸರಿಮಾಡಿದ ಡಾಕ್ಟರಮ್ಮ ನೀವೇನಾ, ಚೆಕಿಂಗ್‌ಗೆ ಬೇರೆಯವರನ್ನು ಹಾಕಿಕೊಂಡೆವು ಎಂದ.

"ಕಾಲಿನ ಮಾತು ಬಿಡಿಪ್ಪಾ," ಎಂದಳು ಅತ್ತೆ, ಸೊಸೆಯಿಂದ ಕಣ್ಣು ಕೀಳದೆ. "ಆ ಕೈ ನೋಡಿ. ನಾನು ಅವಳ ಅತ್ತೆ."