ದೊಡ್ಡವ್ವನ ಮೌನದಲ್ಲಿ ಅವ್ವನ ಮಾತು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ರಾಯಚೂರಿನ ಒಂದು ಸರಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಿಂಬೆಹಣ್ಣು ಕೊಯ್ದರೆ ರಕ್ತ ಬರುವುದು ಹೇಗೆ ಎಂದು ಮಕ್ಕಳಿಗೆ ಮಾಡಿ ತೋರಿಸಿ ಮಂತ್ರವಾದಿಗಳ ಹೊಟ್ಟೆಯ ಮೇಲೆ ಹೊಡೆದವಳು. ಸ್ಟಾಫ್ ರೂಮಿನಲ್ಲಿ ಯಾರಾದರೂ ದೆವ್ವದ ಕತೆ ತೆಗೆದರೆ, "ಬೆಳಕು ಎಷ್ಟಿತ್ರಿ? ನೀವು ಎಷ್ಟು ದೂರ ಇದ್ರಿ? ಅವತ್ತು ಜ್ವರ ಇತ್ತೇನು?" ಎಂದು ಕೇಳಿ ಕತೆಯ ಗಾಳಿ ತೆಗೆಯುವುದು ನನಗೆ ಬಲು ಇಷ್ಟದ ಕೆಲಸ. ಹೀಗಾಗಿ ಈಗ ಹೇಳುವುದನ್ನು ಓದಿ ನೀವು ನಕ್ಕರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನನಗೆ ಇಬ್ಬರು ತಾಯಂದಿರು. ಹೆತ್ತವಳು ಅವ್ವ, ಈಗ ಮಾನ್ವಿಯಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದಾಳೆ. ಇನ್ನೊಬ್ಬಳು ಅವ್ವನ ಅಕ್ಕ, ದೇವದುರ್ಗದ ದೊಡ್ಡವ್ವ. ನಮ್ಮ ಊರು ಕುರ್ಡಿ. ಅಪ್ಪ, ಅವ್ವ ಇಬ್ಬರೂ ಕೂಲಿಗೆ ಹೋಗುತ್ತಿದ್ದರು. ಏಳನೆಯ ತರಗತಿ ಮುಗಿದ ಮೇಲೆ ನನ್ನನ್ನು ಮುಂದೆ ಓದಿಸುವುದು ಹೇಗೆಂದು ಮನೆಯಲ್ಲಿ ಚಿಂತೆ ನಡೆದಾಗ, ಮಕ್ಕಳಿಲ್ಲದ ದೊಡ್ಡವ್ವ ತಾನೇ ಬಂದು ನನ್ನನ್ನು ದೇವದುರ್ಗಕ್ಕೆ ಕರೆದುಕೊಂಡು ಹೋದಳು. ಅಲ್ಲಿ ನಾನು ಚೆನ್ನಾಗಿಯೇ ಇದ್ದೆ. ಒಂಬತ್ತನೆಯ ತರಗತಿ ಮುಗಿದ ಹೊತ್ತಿಗೆ ಅವ್ವ ಒಂದು ದಿನ ಇದ್ದಕ್ಕಿದ್ದಂತೆ ಬಂದಳು, ನನ್ನ ಬಟ್ಟೆ ಗಂಟು ಕಟ್ಟಿದಳು, ಕೈ ಹಿಡಿದು ಎಬ್ಬಿಸಿಕೊಂಡು ಹೊರಟಳು. ಯಾಕೆಂದು ಯಾರಿಗೂ ಹೇಳಲಿಲ್ಲ.

ಅವತ್ತಿನಿಂದ ಅಕ್ಕ ತಂಗಿಯ ಮಾತು ನಿಂತಿತು. ನೆಂಟರ ಮದುವೆಗಳಲ್ಲಿ ಒಬ್ಬಳು ಚಪ್ಪರದ ಈ ತುದಿಗೆ ಕುಳಿತರೆ ಇನ್ನೊಬ್ಬಳು ಆ ತುದಿಗೆ. ನಾನು ಓದಿದೆ, ನೌಕರಿ ಹಿಡಿದೆ, ಮದುವೆಯಾಗಿ ಮಕ್ಕಳ ತಾಯಿಯಾದೆ. ಎರಡೂ ಮನೆಗೆ ಹೋಗಿ ಬರುತ್ತಲೇ ಇದ್ದೆ. ಒಬ್ಬಳ ಮುಂದೆ ಇನ್ನೊಬ್ಬಳ ಹೆಸರೆತ್ತಿದರೆ ರೊಟ್ಟಿ ಬಡಿಯುವ ಸದ್ದು ಜೋರಾಗುತ್ತಿತ್ತು. ಇಬ್ಬರಿಗೂ ವಯಸ್ಸಾಗುತ್ತಿತ್ತು. ಕಣ್ಣು ಮುಚ್ಚುವುದರೊಳಗೆ ಒಮ್ಮೆಯಾದರೂ ಇವರು ಎದುರು ಕುಳಿತು ಮಾತಾಡಲಿ ಎಂಬುದು ನನ್ನ ಜೀವದ ಆಸೆಯಾಗಿತ್ತು. ಆಸೆ ಇದ್ದರೂ ದಾರಿ ಗೊತ್ತಿರಲಿಲ್ಲ.

ಹೋದ ವರ್ಷದ ಬೇಸಿಗೆಯಲ್ಲಿ ನಮ್ಮ ಓಣಿಯ ಬುದ್ಧವಿಹಾರದ ಹಿರಿಯರು ನನಗೊಂದು ಕೆಲಸ ಹಚ್ಚಿದರು. ನಮ್ಮ ಜನರ ಮನೆಗಳಿಂದ ಹೆಣ್ಣುಮಕ್ಕಳು ಮೊದಮೊದಲು ಶಾಲೆಗೆ ಹೋದದ್ದು ಹೇಗೆ ಎಂಬುದರ ಬಗ್ಗೆ ಒಂದು ಸಣ್ಣ ವಿಡಿಯೋ ಮಾಡಬೇಕು, ಬುದ್ಧ ಪೂರ್ಣಿಮೆಯ ದಿನ ತೋರಿಸಬೇಕು. ಪಾಠದ ವಿಡಿಯೋ ಮಾಡಿ ಮಾಡಿ ನನಗೆ ಕೈ ಪಳಗಿತ್ತು. ಹೂಂ ಅಂದೆ.

ಈ ವಿಡಿಯೋ ಕತ್ತರಿಸುವ ಕೆಲಸ ಮೊದಲು ನನ್ನ ರಜೆಗಳನ್ನೆಲ್ಲ ತಿನ್ನುತ್ತಿತ್ತು. ಈಗ ಎಐ ಬಂದು ಉಳಿಸಿದೆ. ವಿಡಿಯೋ ಕೊಟ್ಟರೆ ಅದರೊಳಗಿನ ಮಾತನ್ನೆಲ್ಲ ಅಕ್ಷರಕ್ಕೆ ಇಳಿಸಿ ಪರದೆಯ ಮೇಲೆ ಹಾಕುತ್ತದೆ. ಬೇಡದ ಸಾಲನ್ನು ಅಳಿಸಿದರೆ ಸಾಕು, ವಿಡಿಯೋದಲ್ಲೂ ಅಷ್ಟು ಭಾಗ ತಾನೇ ಕತ್ತರಿಸಿ ಹೋಗುತ್ತದೆ. ಮಾತಿಲ್ಲದ ಕಡೆ ಚುಕ್ಕಿ ಚುಕ್ಕಿ ತೋರಿಸುತ್ತದೆ. ಒಂದು ಗುಂಡಿ ಒತ್ತಿದರೆ ಆ ಮೌನವೆಲ್ಲ ಒಮ್ಮೆಗೇ ಮಾಯ. ಅದು ಎಲ್ಲಿಯೋ ಪುಸ್ತಕದ ಕನ್ನಡ ಕಲಿತು ಬಂದ ಯಂತ್ರ, ನಮ್ಮ ಕಡೆಯ ಮಾತು ಕೇಳಿದರೆ ಮೊದಲ ದಿನ ಶಾಲೆಗೆ ಬಂದ ಮಗುವಿನಂತೆ ತಬ್ಬಿಬ್ಬಾಗುತ್ತದೆ, ನಿಜ. ಆದರೂ ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ.

ಮೊದಲು ದೇವದುರ್ಗಕ್ಕೆ ಹೋಗಿ ದೊಡ್ಡವ್ವನನ್ನು ಕೂರಿಸಿದೆ. ಸೆರಗಿಗೆ ಪುಟ್ಟ ಮೈಕ್ ಸಿಕ್ಕಿಸಿ, "ನಾ ಸಾಲಿ ಕಲ್ತದ್ದು ಹ್ಯಾಂಗ, ಹೇಳು ದೊಡ್ಡವ್ವಾ" ಎಂದು ಒಂದೇ ಪ್ರಶ್ನೆ ಕೇಳಿ ಸುಮ್ಮನಾದೆ. ನಡುವೆ ಬಾಯಿ ಹಾಕಿದರೆ ಹಿರಿಯರ ಮಾತಿನ ಎಳೆ ತಪ್ಪುತ್ತದೆ. ಅವಳು ಎದುರಿಗಿದ್ದ ನನ್ನನ್ನೇ ಆಕಿ ಆಕಿ ಎನ್ನುತ್ತ ಎರಡು ಮಾತಾಡುವಳು, ಗೋಡೆ ನೋಡುತ್ತ ಕೂರುವಳು, ಮತ್ತೆ ಎರಡು ಮಾತಾಡುವಳು. ಒಂದು ಸಲ ಕತ್ತು ವಾಲಿಸಿ "ಏನಂದಿ?" ಎಂದಳು. ನಾನು ಏನೂ ಅಂದಿರಲಿಲ್ಲ. ಇಲ್ಲವೆಂದು ಕೈಯಾಡಿಸಿದೆ. ಆದರೆ ಅವಳು ನನ್ನ ಕಡೆ ನೋಡಲೇ ಇಲ್ಲ.

ಮುಂದಿನ ವಾರ ಮಾನ್ವಿಯಲ್ಲಿ ಅವ್ವನ ಸರದಿ. ಅದೇ ಪ್ರಶ್ನೆ, ಅದೇ ಮೈಕ್. ಅವಳೂ ಹಾಗೆಯೇ, ಕಿಟಕಿ ನೋಡುತ್ತ ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಒಂದು ಮಾತನ್ನಂತೂ ಮೊದಲು ಮೆಲ್ಲಗೆ ಹೇಳಿ, ಸ್ವಲ್ಪ ತಡೆದು, ಅದನ್ನೇ ಮತ್ತೆ ಗಟ್ಟಿಯಾಗಿ ಹೇಳಿದಳು. ವಯಸ್ಸಾಯಿತು, ಹೇಳಿದ್ದು ಮರೆಯುತ್ತದೆ ಅಂದುಕೊಂಡೆ.

ಅದಾದ ಮೇಲಿನ ಭಾನುವಾರ ಮಧ್ಯಾಹ್ನ ರಾಯಚೂರಿನ ಮನೆಯಲ್ಲಿ, ಕಿಟಕಿಗೆ ಒದ್ದೆ ಚಾದರ ಕಟ್ಟಿ, ಕೂಲರ್ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಇಲ್ಲಿಯೇ ನನ್ನಿಂದ ಒಂದು ತಪ್ಪಾಯಿತು. ಪಾಠದ ವಿಡಿಯೋಕ್ಕೆ ನಾನು ಎರಡು ಫೋನ್ ಇಡುತ್ತೇನೆ, ಒಂದು ನನ್ನ ಮುಖಕ್ಕೆ, ಇನ್ನೊಂದು ಮೇಜಿನ ಮೇಲಿನ ಪ್ರಯೋಗಕ್ಕೆ. ಎರಡನ್ನೂ ಒಂದೇ ಹೊತ್ತಿನ ಎರಡು ಕ್ಯಾಮೆರಾ ಎಂದು ಹೇಳಿ ಒಟ್ಟಿಗೆ ಹಾಕಿದರೆ ಯಂತ್ರ ಅಕ್ಕಪಕ್ಕ ಜೋಡಿಸಿ, ಯಾರು ಯಾವಾಗ ಮಾತಾಡಿದರೋ ಆ ಕ್ರಮದಲ್ಲೇ ಬರೆದುಕೊಡುತ್ತದೆ. ರೂಢಿಯ ಕೈ, ಅವತ್ತೂ ಹಾಗೆಯೇ ಮಾಡಿತು. ಅವ್ವ, ದೊಡ್ಡವ್ವ ಇಬ್ಬರೂ ಒಂದೇ ಕೋಣೆಯಲ್ಲಿ ಕುಳಿತು ಮಾತಾಡಿದವರೆಂದು ಯಂತ್ರ ತಿಳಿಯಿತು.

ನನಗೆ ತಪ್ಪು ಗೊತ್ತೇ ಆಗಲಿಲ್ಲ. ನಾನು ಹುಡುಕುತ್ತಿದ್ದದ್ದು ನನ್ನ ತಲೆಯ ಹೇನಿನ ವಿಷಯ. ದೊಡ್ಡವ್ವ ಅದನ್ನು ಬಿಡದೆ ಹೇಳಿದ್ದಳು. ವಿಹಾರದಲ್ಲಿ ನನ್ನ ವಿದ್ಯಾರ್ಥಿಗಳೂ ಇರುತ್ತಾರೆ, ಅದೊಂದು ಸಾಲು ಅಳಿಸಿ ಮಾನ ಉಳಿಸಿಕೊಳ್ಳೋಣ ಎಂದು ಓದಲು ಶುರುಮಾಡಿದೆ. ಪರದೆಯ ಮೇಲೆ ಹೀಗಿತ್ತು. ಯಂತ್ರದ ತಪ್ಪುಗಳನ್ನು ತಿದ್ದಿ, ಯಾರ ಮಾತೆಂದು ಹೆಸರು ಹಾಕಿದ್ದೇನೆ, ಅಷ್ಟೇ.

ದೊಡ್ಡವ್ವ: "ಬಂದಾಗ ಆಕಿ ತಲಿ ತುಂಬ ಹೇನು. ದಿನಾ ಕುಂದ್ರಿಸಿಕೊಂಡು ಬಾಚಿ ಜಡಿ ಹಾಕ್ತಿದ್ದೆ."

ಅವ್ವ: "ನಾ ಹೊತ್ತು ಹುಟ್ಟಾಕ ಮೊದ್ಲ ಹತ್ತಿ ಬಿಡಿಸಾಕ ಹೋಗ್ತಿದ್ದೆ. ಮಗಳ ತಲಿ ಬಾಚಾಕ ನನಗೆಲ್ಲಿ ಪುರಸೊತ್ತಿತ್ತು?"

ದೊಡ್ಡವ್ವ: "ಇರ್ಲಿ, ಅದಕ್ಕೇನಾತು. ಒಂದು ದಿನ ತಂಗಿ ಬಂದ್ಲು, ಅರಿವಿ ಗಂಟು ಕಟ್ಟಿದ್ಲು, ಕರ್ಕೊಂಡು ಹೋದ್ಲು. ಯಾಕಂತ ಒಂದು ಮಾತು ಹೇಳಲಿಲ್ಲ."

ಅವ್ವ: "ಮಗಳ್ನ ನೋಡಾಕಂತ ಹೋಗಿದ್ದೆ. ಬಾಗಿಲಾಗ ನಿಂತಿದ್ದೆ. ಒಳಗಿಂದ ಯವ್ವಾ ಅಂದ್ಲು. ನಾ ಓ ಅಂದೆ. ಅಕ್ಕನ್ನ ಕರ್ದಿದ್ಲು, ನನ್ನಲ್ಲ."

ದೊಡ್ಡವ್ವ: "ಏನಂದಿ?"

ಅವ್ವ: "ಅಕ್ಕನ್ನ ಕರ್ದಿದ್ಲು, ನನ್ನಲ್ಲ."

ಆಮೇಲೆ ಉದ್ದಕ್ಕೂ ಚುಕ್ಕಿಗಳು. ಆಮೇಲೆ ದೊಡ್ಡವ್ವ: "ಹುಡುಗರಿಗೆ ಏನ್ ಗೊತ್ತಾಗ್ತದ. ಉಣ್ಣಾಕ ಇಕ್ಕಿದವರನ್ನೆಲ್ಲ ಯವ್ವಾ ಅಂತಾವ. ಹಡದಾಕಿ ಹಡದಾಕೀನ."

ಬೇಸಿಗೆಯ ರಾಯಚೂರು ಹೇಗಿರುತ್ತದೆಂದು ನಿಮಗೆ ಗೊತ್ತು. ಅಂಥ ಉರಿಯಲ್ಲಿ ನಾನು ಎದ್ದು ಕೂಲರ್ ಆರಿಸಿ, ಮತ್ತೊಮ್ಮೆ ಓದಿದೆ. ಈ ಮಾತುಗಳನ್ನೆಲ್ಲ ನಾನು ಎರಡೂ ಕಡೆ ಕಿವಿಯಾರೆ ಕೇಳಿದ್ದೆ, ಆದರೆ ಬಿಡಿಬಿಡಿಯಾಗಿ, ಗಮನವೆಲ್ಲ ಕ್ಯಾಮೆರಾದ ಮೇಲಿಟ್ಟು. ದೇವದುರ್ಗದಲ್ಲಿ ಕೇಳಿದಾಗ "ಇರ್ಲಿ, ಅದಕ್ಕೇನಾತು" ಎಂಬುದು ಮಾತಿನ ನಡುವೆ ಬರುವ ಒಂದು ರೂಢಿಯಾಗಿ ಕಂಡಿತ್ತು. ಅದು ಒಂದು ಉತ್ತರವೆಂದು ಯಾರಿಗೆ ಹೊಳೆಯಬೇಕು? ಹೆಡ್‌ಫೋನ್ ಹಾಕಿಕೊಂಡು ಎರಡೂ ವಿಡಿಯೋ ಅಕ್ಕಪಕ್ಕ ಓಡಿಸಿದೆ. ಮೊದಲಿಂದ ಕೊನೆಯವರೆಗೆ ಒಬ್ಬಳ ಮಾತಿನ ಮೇಲೆ ಇನ್ನೊಬ್ಬಳ ಮಾತು ಒಮ್ಮೆಯೂ ಬೀಳಲಿಲ್ಲ. ಇವಳು ನಿಲ್ಲಿಸಿದಲ್ಲಿ ಅವಳು ಶುರು, ಅವಳು ನಿಲ್ಲಿಸಿದಲ್ಲಿ ಇವಳು. ಅವ್ವ ಕಿಟಕಿ ನೋಡುತ್ತಿದ್ದಳು, ದೊಡ್ಡವ್ವ ಗೋಡೆ ನೋಡುತ್ತಿದ್ದಳು. ಪರದೆಯಲ್ಲಿ ಮಾತ್ರ ಇಬ್ಬರೂ ಎದುರುಬದುರು ಕುಳಿತಂತಿತ್ತು. ನಾನು ಅತ್ತೆ. ಆ ಒಂದು ಯವ್ವಾ ನಾನು ಕರೆದದ್ದೆಂಬುದು ನನಗೆ ನೆನಪೇ ಇರಲಿಲ್ಲ.

ಅತ್ತು ಮುಗಿದ ಮೇಲೆ ನನ್ನೊಳಗಿನ ಮಾಸ್ತರಿಣಿ ಎದ್ದಳು. ಅನುಮಾನಂ ಪೆದ್ದರೋಗಂ ಅಂತಾರಲ್ಲ, ಆ ರೋಗ ನನಗೆ ಹುಟ್ಟಿನಿಂದ ಇದೆ. ಒಂದು ವಿಡಿಯೋವನ್ನು ಸ್ವಲ್ಪ ಮುಂದೆ ಸರಿಸಿ ನೋಡಿದೆ, ಇಬ್ಬರ ಮಾತೂ ಒಂದರ ಮೇಲೊಂದು ಬಿದ್ದು ಸಂತೆಯ ಗದ್ದಲವಾಯಿತು. ಹಿಂದೆ ಸರಿಸಿದೆ, ಅದೇ ಗದ್ದಲ. ಮೊದಲಿದ್ದ ಜಾಗಕ್ಕೆ ತಂದರೆ ಮತ್ತೆ ಮಾತುಕತೆ. ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಸಹೋದ್ಯೋಗಿಗೆ ತೋರಿಸಿದೆ. "ಸಾಫ್ಟ್‌ವೇರ್ ತಾನಽ ಹೊಂದಿಸಿರ್ತದ ತಗೋರಿ ಮೇಡಂ" ಅಂದರು. ಇರಬಹುದು. ಆದರೆ ಅದು ಹೆಚ್ಚೆಂದರೆ ಒಂದು ವಿಡಿಯೋವನ್ನು ಹಿಂದೆ ಮುಂದೆ ಸರಿಸೀತು. ಮಾತಿನ ನಡುವೆ ಬೇಕಾದಷ್ಟು ಮೌನ ತುಂಬಿಸಲಾರದು. ಫೋನಿನಲ್ಲಿದ್ದ ಮೂಲ ವಿಡಿಯೋಗಳನ್ನು ತೆಗೆದು ನೋಡಿದೆವು, ಮೌನಗಳು ಅಲ್ಲೂ ಅಷ್ಟೇ ಉದ್ದ ಇದ್ದವು. ಅವರು ತಲೆ ಕೆರೆದುಕೊಂಡು ಚಹಾ ತರಿಸಿದರು. ಸಣ್ಣವರಿದ್ದಾಗ ಇಬ್ಬರೂ ಒಂದೇ ಸಾಲಿನಲ್ಲಿ ಕಳೆ ತೆಗೆದವರು, ಮಾತಿನ ಲಯ ಒಂದೇ ಇರಬಹುದು ಎಂದು ನಾನೂ ಒಂದು ಕಾರಣ ಹುಡುಕಿಕೊಂಡೆ. ಅದರಿಂದ ಸ್ವಲ್ಪ ಸಮಾಧಾನವಾಯಿತು.

ಇದನ್ನು ಇಟ್ಟುಕೊಂಡು ಏನು ಮಾಡುವುದು? ವಿಹಾರದ ಪರದೆಗೆ ಹಾಕುವಂಥದ್ದಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಮಾನ್ವಿಗೆ ಹೋದೆ. ಅವ್ವನಿಗೆ ಸಿಟ್ಟು ಬರುತ್ತದೋ, ಹೆದರಿಕೆಯಾಗುತ್ತದೋ ಎಂದು ಅವಳ ಮುಖ ನೋಡುತ್ತಲೇ ಜೋಡಿ ವಿಡಿಯೋ ಹಚ್ಚಿದೆ. ಅವಳು ಕೊನೆಯವರೆಗೂ ಕೇಳಿದಳು. ಒಂದಿಷ್ಟೂ ಅಚ್ಚರಿಪಡಲಿಲ್ಲ.

ಮಾತುಕತೆಯ ಕೊನೆಗೆ ದೊಡ್ಡವ್ವನ ವಿಡಿಯೋ ಮೊದಲು ಮುಗಿಯುತ್ತದೆ. ಆಮೇಲೆ ಅವ್ವ ಒಬ್ಬಳೇ ಒಂದು ಮಾತು ಹೇಳುತ್ತಾಳೆ: "ನಾವು ಹೋದ ಮ್ಯಾಲ ಅವತ್ತು ಅಕ್ಕ ಉಂಡ್ಲೋ ಇಲ್ಲೋ." ಅಲ್ಲಿಗೆ ಅದೂ ಮುಗಿಯುತ್ತದೆ.

"ಅದಕ್ಕ ಆಕಿ ಏನಂದ್ಲು?" ಅವ್ವ ಕೇಳಿದಳು.

"ಏನೂ ಅಂದಿಲ್ಲವ್ವ. ಆಕಿದು ಅಲ್ಲೀಗೆ ಮುಗೀತು."

"ಮುಗದ್ರ ಹ್ಯಾಂಗ? ನಡಿ, ಹೋಗಿ ಕೇಳೂಣು."

"ಫೋನ್ ಮಾಡಿ ಹೇಳ್ಲೇನು?"

"ಬ್ಯಾಡ. ಫೋನ್ ಮಾಡಿದ್ರ ಊರಾಗ ಇಲ್ಲ ಅಂತ ಹೇಳಿಸ್ತಾಳ ಆಕಿ. ನನಗ ಗೊತ್ತಿಲ್ಲೇನು ನಮ್ಮಕ್ಕ?"

ಮರುದಿನ ಬೆಳಗ್ಗೆ ಬಸ್ ಹತ್ತಿದೆವು. ಸಿರವಾರದಲ್ಲಿ ಇಳಿದು ದೇವದುರ್ಗದ ಬಸ್ ಹಿಡಿದೆವು. ಯಾರಿಗೂ ಹೇಳಿರಲಿಲ್ಲ. ದೊಡ್ಡವ್ವ ಆ ವಿಡಿಯೋ ನೋಡಿರಲಿಲ್ಲ, ಅದರ ಸುದ್ದಿಯೂ ಅವಳಿಗೆ ಗೊತ್ತಿರಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ.

ದೊಡ್ಡವ್ವನದು ಮೈದುನನ ಮಕ್ಕಳು ಮೊಮ್ಮಕ್ಕಳು ತುಂಬಿದ ಮನೆ. ಅವಳು ಹೊರಗಿನ ಕಟ್ಟೆಯ ಮೇಲೆ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕುಳಿತಿದ್ದಳು. ಅವ್ವ ಕಟ್ಟೆಯ ಕೆಳಗೆ ನಿಂತಳು. ದಾರಿಯುದ್ದಕ್ಕೂ ಬಸ್ಸಿನಲ್ಲಿ ತುಟಿ ಅಲ್ಲಾಡಿಸುತ್ತ ಬಂದವಳಿಗೆ ಈಗ ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ದೊಡ್ಡವ್ವ ತಲೆಯೆತ್ತಿ ನೋಡಿದಳು. ಯಾವಾಗ ಬಂದಿ ಎನ್ನಲಿಲ್ಲ, ಯಾಕೆ ಬಂದಿ ಎನ್ನಲಿಲ್ಲ.

"ಉಣ್ಣಲಿಲ್ಲ ಬೇ ಅವತ್ತು," ಅಂದಳು. "ನಿನ್ನ ಮಗಳಿಗಂತ ಮಾಡಿದ್ದು ಹಂಗಽ ಇತ್ತು. ಅದನ್ನ ನೋಡಿ ನನಗ ಗಂಟಲಾಗ ಇಳೀಲಿಲ್ಲ. ಎಮ್ಮಿಗೆ ಹಾಕಿದೆ. ಬಾ ಮ್ಯಾಲ, ಇವತ್ತರ ಇಬ್ರೂ ಉಣ್ಣೂಣು."

ಅವತ್ತು ಅವರು ಒಂದೇ ಗಂಗಾಳದಲ್ಲಿ ಉಂಡರು. ನನಗೆ ಇನ್ನೇನು ಬೇಕು? ವಿಹಾರದ ವಿಡಿಯೋದಲ್ಲಿ ಹೇನಿನ ಸಾಲನ್ನೂ ಉಳಿಸಿದೆ, ಜನ ಬಿದ್ದು ಬಿದ್ದು ನಕ್ಕರು. ಆ ಜೋಡಿ ವಿಡಿಯೋ ಮಾತ್ರ ನನ್ನ ಹತ್ತಿರವೇ ಇದೆ. ನಾವು ಕೇಳಲು ಬಂದದ್ದು ಏನೆಂದು ಅವಳಿಗೆ ಹೇಗೆ ತಿಳಿಯಿತು ಎಂದು ದೊಡ್ಡವ್ವನನ್ನು ಒಂದೆರಡು ಸಲ ಕೇಳಿ ನೋಡಿದೆ. "ತಂಗಿ ಬಾಗಿಲಿಗೆ ಬಂದು ನಿಂತಳಂದ್ರ ಮತ್ತೇನ್ ಕೇಳಾಕ ಬಂದಿರ್ತಾಳ?" ಎಂದು ನನಗೇ ಬೈದಳು.

ಈಗ ಇಬ್ಬರೂ ದಿನಾ ಸಂಜೆ ಫೋನಿನಲ್ಲಿ ಮಾತಾಡುತ್ತಾರೆ. ಮಾನ್ವಿಗೆ ಹೋದಾಗ ನಾನು ಪಕ್ಕದಲ್ಲಿ ಕುಳಿತು ಕೇಳುತ್ತೇನೆ. ಲಯವೂ ಇಲ್ಲ, ಎಂಥದೂ ಇಲ್ಲ. ಒಬ್ಬಳ ಮಾತು ಮುಗಿಯಲು ಇನ್ನೊಬ್ಬಳು ಬಿಡುವುದಿಲ್ಲ, ಇಬ್ಬರೂ ಏಕಕಾಲಕ್ಕೆ ಒದರುತ್ತಾರೆ, ಯಾರು ಏನಂದರೆಂದು ಯಾರಿಗೂ ತಿಳಿಯುವುದಿಲ್ಲ. ಸಣ್ಣವರಿದ್ದಾಗಿನಿಂದಲೂ ಹೀಗೆಯೇ ಅಂತೆ. ಅಂಥವರು ಆ ಎರಡು ದಿನ, ಒಬ್ಬಳು ದೇವದುರ್ಗದಲ್ಲಿ, ಒಬ್ಬಳು ಮಾನ್ವಿಯಲ್ಲಿ, ಒಬ್ಬಳ ಮಾತು ಮುಗಿಯಲಿ ಎಂದು ಇನ್ನೊಬ್ಬಳು ಅಷ್ಟು ತಾಳ್ಮೆಯಿಂದ ಕಾದು ಕುಳಿತದ್ದು ಹೇಗೆ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.